ಸಾಮಾನಿಗೆ ಇಂಗ್ಲಿಷಿನಲ್ಲಿ ಎಷ್ಟೊಂದು ಹೆಸರು

ಇಂಗ್ಲಿಷ್ ಕಲಿಯುವವರ ಕೈಗೆ ಸಮಾನಾರ್ಥಕ ಪದಗಳ ಪಟ್ಟಿ ಕೊಡುತ್ತಾರಲ್ಲ, ಅದು ನನಗೆ ಒಂಚೂರೂ ಇಷ್ಟವಿಲ್ಲ. ಎಕ್ವಿಪ್‌ಮೆಂಟ್, ಗೇರ್, ಕಿಟ್, ಟ್ಯಾಕಲ್, ಲಗೇಜ್, ಬಿಲಾಂಗಿಂಗ್ಸ್, ಸ್ಟಫ್, ಎಲ್ಲವೂ ಒಂದೇ ಸಾಲಿನಲ್ಲಿ. ಪಕ್ಕದಲ್ಲಿ 'ಸಾಮಾನು, ಸಲಕರಣೆ' ಅಂತ ಅರ್ಥ. ಓದಿದವರು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿಬಿಡುತ್ತಾರೆ, ಪಾಪ. ಆದರೆ ಈ ಪದಗಳಲ್ಲಿ ವಸ್ತು ಯಾವುದು ಅನ್ನೋ ಸುಳಿವು ಕಡಿಮೆ. ಅದು ಯಾರ ಕೈಯಲ್ಲಿದೆ, ಯಾವ ಕೆಲಸಕ್ಕಿದೆ, ಎಲ್ಲಿಗೆ ಹೊರಟಿದೆ ಅನ್ನೋದೇ ಜಾಸ್ತಿ.

ಒಂದು ಹಗ್ಗ ತಗೊಳ್ಳಿ. ಮಾರಾಟಕ್ಕಿದ್ದಾಗ ಅದು ಗೂಡ್ಸ್. ಬೆಟ್ಟ ಹತ್ತುವವರ ಸೊಂಟಕ್ಕೆ ಬಂದರೆ ಗೇರ್. ಬೆಂಕಿ ಆರಿಸುವ ದಳದ ಲೆಕ್ಕದ ಪುಸ್ತಕದಲ್ಲಿ ಎಕ್ವಿಪ್‌ಮೆಂಟ್. ರಾಟೆಗೆ ಸುತ್ತಿ ಭಾರ ಎತ್ತಲು ನಿಂತರೆ ಟ್ಯಾಕಲ್. ಪೆಟ್ಟಿಗೆಗೆ ತುಂಬಿ ವಿಮಾನ ಹತ್ತಿಸಿದರೆ ಬ್ಯಾಗೇಜ್. ಅದರ ಒಡೆಯರು ತೀರಿಕೊಂಡ ಮೇಲೆ ಯಾರೋ ಪಟ್ಟಿ ಮಾಡುವಾಗ ಪರ್ಸನಲ್ ಎಫೆಕ್ಟ್ಸ್. ಹಗ್ಗ ಮಾತ್ರ ಅದೇ ಹಗ್ಗ.

ಹೆಚ್ಚು ಜನ ಎಡವುವುದು ಲೆಕ್ಕದಲ್ಲಿ. ಎಕ್ವಿಪ್‌ಮೆಂಟ್ಸ್, ಲಗೇಜಸ್, ಫರ್ನಿಚರ್ಸ್ ಅಂತ ಆಫೀಸಿನ ಪತ್ರಗಳಲ್ಲೂ ಬರೆಯುತ್ತಾರೆ. ಈ ಪದಗಳಿಗೆ ಬಹುವಚನ ಇಲ್ಲ, ಹಿಂದೆ 'ಆ್ಯನ್' ಕೂಡ ಬರುವುದಿಲ್ಲ. ಒಂದೇ ಒಂದು ಅಂತ ಹೇಳಬೇಕಾದರೆ 'ಎ ಪೀಸ್ ಆಫ್ ಎಕ್ವಿಪ್‌ಮೆಂಟ್' ಅನ್ನಬೇಕು. ಇದನ್ನು ಸುಮ್ನೆ ಬಾಯಿಪಾಠ ಮಾಡಿಸಿದರೆ ಮರೆತುಹೋಗುತ್ತದೆ. ಕಾರಣ ಹೇಳಿದರೆ ನಿಲ್ಲುತ್ತದೆ: ಸಕ್ಕರೆಯನ್ನು ನಾವು ಒಂದು ಸಕ್ಕರೆ, ಎರಡು ಸಕ್ಕರೆ ಅಂತ ಎಣಿಸುವುದಿಲ್ಲ ಅಲ್ವಾ, ಹಾಗೇ ಇಂಗ್ಲಿಷಿನವರು ಲಗೇಜನ್ನು ಒಟ್ಟು ರಾಶಿಯಾಗಿ ನೋಡುತ್ತಾರೆ, ಒಳಗಿನ ಸೂಟ್‌ಕೇಸನ್ನು ಬೇಕಾದರೆ ಎಣಿಸಿಕೊಳ್ಳಿ. ಬಿಲಾಂಗಿಂಗ್ಸ್ ಮತ್ತು ಎಫೆಕ್ಟ್ಸ್ ಇದಕ್ಕೆ ತದ್ವಿರುದ್ಧ. ಈ ಅರ್ಥದಲ್ಲಿ ಅವು ಯಾವಾಗಲೂ ಬಹುವಚನವೇ. ಒಂದೇ ಕರ್ಚೀಫು ಉಳಿದಿದ್ದರೂ 'ಎ ಬಿಲಾಂಗಿಂಗ್' ಅನ್ನುವುದಿಲ್ಲ.

ಇವುಗಳ ಹುಟ್ಟು ನೋಡಿದರೆ ಬಳಕೆ ಇನ್ನೂ ಸಲೀಸಾಗಿ ಅರ್ಥವಾಗುತ್ತದೆ. ಎಕ್ವಿಪ್‌ಮೆಂಟ್ ಬಂದಿದ್ದು ಫ್ರೆಂಚ್‌ನಿಂದ, ಅದರ ಬೇರು ಹಳೆಯ ನಾರ್ಸ್ ಭಾಷೆಯಲ್ಲಿ ಹಡಗನ್ನು ಪ್ರಯಾಣಕ್ಕೆ ಸಜ್ಜುಗೊಳಿಸುವುದು ಅನ್ನುವ ಮಾತಿಗೆ ಹೋಗುತ್ತದೆ. ಅದಕ್ಕೇ ಇವತ್ತಿಗೂ ಆ ಪದದಲ್ಲಿ ಒಂದು ಕೆಲಸಕ್ಕೆ ತಯಾರಾಗಿ ನಿಂತ ಭಾವ ಇದೆ. ಲಗೇಜ್ ಹುಟ್ಟಿದ್ದು 'ಲಗ್' ಅನ್ನುವ ಕ್ರಿಯಾಪದದಿಂದ, ಅಂದರೆ ಕಷ್ಟಪಟ್ಟು ಎಳೆಯುವುದು. 16ನೇ ಶತಮಾನದ ಕೊನೆಗೆ ಬಳಕೆಗೆ ಬಂದಾಗ ಎಳೆದಾಡಬೇಕಾದ ಹೊರೆ ಅಂತಲೇ ಅರ್ಥ ಇತ್ತು. ಗೇರ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಗಾಡಿಯ ಗೇರೇ ನೆನಪಾಗುವುದು, ಆದರೆ ಮೊದಲು ಬಂದಿದ್ದು ಮೈಮೇಲೆ ತೊಡುವ ಬಟ್ಟೆ, ಕವಚದ ಅರ್ಥ. ಹಲ್ಲಿನ ಚಕ್ರದ ಅರ್ಥ ಶತಮಾನಗಳ ನಂತರದ್ದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪದ ಪ್ಯಾರಾಫರ್ನೇಲಿಯಾ. ಈಗ ಅದನ್ನು ಯಾವುದೋ ಚಟುವಟಿಕೆಗೆ ಬೇಕಾದ ಸಣ್ಣಪುಟ್ಟ ವಸ್ತುಗಳ ರಾಶಿಗೆ ಬಳಸುತ್ತಾರೆ. ಬೇರು ಗ್ರೀಕ್: ವರದಕ್ಷಿಣೆಯ ಆಚೆಗೆ ಹೆಣ್ಣಿನ ಹತ್ತಿರ ಇರುವ ಸೊತ್ತು. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ಚರ ಆಸ್ತಿಯೆಲ್ಲ ಗಂಡನದ್ದಾಗುತ್ತಿತ್ತು. ಅವಳ ಬಟ್ಟೆ, ಒಡವೆಗೆ ಮಾತ್ರ ಈ ಹೆಸರಿನಲ್ಲಿ ಸ್ವಲ್ಪ ರಕ್ಷಣೆ. ಬದುಕಿರುವಾಗ ಗಂಡ ಅವನ್ನೂ ಮಾರಬಹುದಿತ್ತು, ಉಯಿಲು ಬರೆದು ಬೇರೆಯವರಿಗೆ ಕೊಡುವ ಹಾಗಿರಲಿಲ್ಲ, ಅಷ್ಟೇ. 1882ರ ಕಾಯ್ದೆ ಬಂದು ಮದುವೆಯಾದವಳಿಗೂ ಸ್ವಂತ ಆಸ್ತಿಯ ಹಕ್ಕು ಸಿಕ್ಕ ಮೇಲೆ ಆ ಕಾನೂನಿನ ಅರ್ಥಕ್ಕೆ ಕೆಲಸ ಉಳಿಯಲಿಲ್ಲ. ಒಂದು ಹೆಣ್ಣಿನ ಪಾಲಿಗೆ ಕೊನೆಗೆ ಉಳಿಯುತ್ತಿದ್ದ ಆಸ್ತಿಯ ಹೆಸರು ಇವತ್ತು ಮೀನು ಹಿಡಿಯುವವರ ಗಾಳ, ದಾರ, ಡಬ್ಬಿಗೆ ಬಂದು ನಿಂತಿರುವುದು ನೋಡಿದರೆ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ.

ಚ್ಯಾಟಲ್ ಅನ್ನೋದೂ ಕಾನೂನಿನ ಪದವೇ, ಚರಾಸ್ತಿ ಅಂತ. ದನಕರು ಅನ್ನುವ ಕ್ಯಾಟಲ್ ಮತ್ತು ಇದು ಒಂದೇ ಬೇರಿನವು.

ಉಪಕರಣದ ವಿಷಯಕ್ಕೆ ಬಂದರೆ ವೃತ್ತಿ ನೋಡಿ ಪದ ಹಾಕಬೇಕು. ಬಡಗಿಯದು ಟೂಲ್, ಶಸ್ತ್ರಚಿಕಿತ್ಸಕರದು ಮತ್ತು ಸಂಗೀತಗಾರರದು ಇನ್‌ಸ್ಟ್ರುಮೆಂಟ್, ಪ್ರಯೋಗಶಾಲೆಯಲ್ಲಿ ಅಪರೇಟಸ್, ಅಡುಗೆಮನೆಯ ಸೌಟು ಯುಟೆನ್ಸಿಲ್, ಅಲ್ಲೇ ಇರುವ ಮಿಕ್ಸಿ ಅಪ್ಲಯನ್ಸ್. ಗ್ಯಾಜೆಟ್ 19ನೇ ಶತಮಾನದ ನಾವಿಕರ ಬಾಯಿಮಾತು, ಹೆಸರು ನೆನಪಿಗೆ ಬಾರದ ಸಣ್ಣ ಸಾಧನಕ್ಕೆ ಹಾಗೆ ಅನ್ನುತ್ತಿದ್ದರು. ಜುಲೈ 16, 1945ರಂದು ಸಿಡಿಸಿ ಪರೀಕ್ಷಿಸಿದ ಮೊದಲ ಅಣುಬಾಂಬಿಗೂ ಅದನ್ನು ತಯಾರಿಸಿದವರು ಇಟ್ಟಿದ್ದ ಗುಟ್ಟಿನ ಹೆಸರು ಇದೇ. ಅಷ್ಟು ಹಗುರವಾದ ಪದವನ್ನು ಅಂಥದ್ದಕ್ಕೆ ಇಟ್ಟರಲ್ಲ!

ಲಗೇಜ್, ಬ್ಯಾಗೇಜ್ ಎರಡೂ ಒಂದೇನಾ ಅಂತ ತುಂಬಾ ಜನ ಕೇಳುತ್ತಾರೆ. ಪ್ರಯಾಣದಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ಮಾರಾಟಕ್ಕಿಟ್ಟ ಖಾಲಿ ಸೂಟ್‌ಕೇಸಿಗೂ ಲಗೇಜ್ ಅನ್ನಬಹುದು. ಮನಸ್ಸಿನಲ್ಲಿ ಹೊತ್ತು ತಿರುಗುವ ಹಳೆಯ ನೋವಿಗೆ ಬ್ಯಾಗೇಜ್ ಮಾತ್ರ.

ಹೊಸದಾಗಿ ಕಲಿಯುವವರಿಗೆ ನನ್ನ ಸಲಹೆ ಇಷ್ಟು: ಬಾಯಿಮಾತಿನಲ್ಲಿ 'ಮೈ ಥಿಂಗ್ಸ್' ಅನ್ನಿ. ಹೊರಟು ನಿಂತ ಗೆಳತಿಗೆ 'ನಿನ್ನ ಪರ್ಸನಲ್ ಎಫೆಕ್ಟ್ಸ್ ತಗೊಂಡೆಯಾ' ಅಂತ ಕೇಳಿದರೆ ಪೊಲೀಸರು ಮಾತಾಡಿದ ಹಾಗಿರುತ್ತದೆ. ಆ ಪದ ವಿಮೆ, ಕಸ್ಟಮ್ಸ್, ಉಯಿಲಿನ ಕಾಗದಗಳಲ್ಲೇ ಇರಲಿ. ಸ್ಟಫ್ ಕೂಡ ಗೆಳೆಯರ ನಡುವೆ ನಡೆಯುತ್ತದೆ, ಅರ್ಜಿಯಲ್ಲಿ ಬರೆಯಬೇಡಿ. ಥಿಂಗ್ಸ್ ಅಂದರೆ ಇನ್ನೊಂದು ಅನುಕೂಲವೂ ಇದೆ, ಅದನ್ನು ಧೈರ್ಯವಾಗಿ ಒಂದು, ಎರಡು, ಮೂರು ಅಂತ ಎಣಿಸಬಹುದು.