ಮಿನೆಸೋಟದ ಗ್ಯಾರೇಜಿನಲ್ಲಿ ಮೋಟರ್‌ಬೋಟ್: ಹವೆ ನೋಡಿ ಅಂಟು ಹಚ್ಚಿ

ಅಮೆರಿಕದ ಮಿನೆಸೋಟ ಕೆರೆಗಳ ರಾಜ್ಯ. ಇಲ್ಲಿ ಮನೆಯ ಗ್ಯಾರೇಜಿನಲ್ಲೇ ಹದಿನಾಲ್ಕು ಅಡಿಯ ಮೋಟರ್‌ಬೋಟ್ ಕಟ್ಟಿಕೊಳ್ಳುವವರಿದ್ದಾರೆ. ಮರಗೆಲಸ ಬಂದರೆ ಮುಗಿಯಿತು ಎಂದು ಊರಿನಲ್ಲಿ ಕೂತವರಿಗೆ ಅನ್ನಿಸಬಹುದು. ಆದರೆ ಕೆಲಸ ಕೆಡುವುದು ಹೆಚ್ಚಾಗಿ ಚಳಿ ಮತ್ತು ತೇವದಿಂದ.

ಹೊಸಬರಿಗೆ ಒಳ್ಳೆಯದು ಹೊಲಿದು ಅಂಟಿಸುವ ವಿಧಾನ. ಬಿಎಸ್ 1088 (ಬ್ರಿಟಿಷ್ ಗುಣಮಟ್ಟ) ಗುರುತಿನ ಮರೈನ್ ಪ್ಲೈವುಡ್ ತನ್ನಿ. ಪಕ್ಕಕ್ಕೆ 6 ಮಿ.ಮೀ., ತಳಕ್ಕೆ 9 ಮಿ.ಮೀ. ದಪ್ಪ ಸಾಕು. ಹಾಳೆ ಸಿಗುವುದು 8 ಅಡಿಯದು, ಹಾಗಾಗಿ ಎರಡನ್ನು ಜೋಡಿಸಲೇಬೇಕು. ಅಂಚನ್ನು ದಪ್ಪದ ಎಂಟು ಪಟ್ಟು ಇಳಿಜಾರಾಗಿ, ಅಂದರೆ 6 ಮಿ.ಮೀ. ಹಲಗೆಗೆ 48 ಮಿ.ಮೀ. ಉದ್ದಕ್ಕೆ ಹೆರೆದು, ಒಂದರ ಮೇಲೊಂದು ಅಂಟಿಸಿ. ನಂತರ ಅಂಚುಗಳಲ್ಲಿ ಆರಾರು ಇಂಚಿಗೆ ಸಣ್ಣ ತೂತು ಕೊರೆದು ತಾಮ್ರದ ತಂತಿಯಿಂದ ಬಿಗಿಯಿರಿ. ನಮ್ಮ ಕರಾವಳಿಯಲ್ಲಿ ಹಿಂದೆ ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದು ದೋಣಿ ಕಟ್ಟುತ್ತಿದ್ದರು, ಅಲ್ಲಿ ಕೊನೆತನಕ ಹಿಡಿದಿರುತ್ತಿದ್ದುದು ಹೊಲಿಗೆಯೇ. ಇಲ್ಲಿನ ತಂತಿಗೆ ಅಂಟು ಗಟ್ಟಿಯಾಗುವವರೆಗಷ್ಟೇ ಕೆಲಸ.

ಅಂಟು ಹಾಕುವ ಮುನ್ನ ಮುಂದೊಂದು, ಹಿಂದೊಂದು ನೇರ ರೀಪರ್ ಅಡ್ಡಲಾಗಿಟ್ಟು, ಹಿಂದಿನಿಂದ ಬಗ್ಗಿ ನೋಡಿ. ಎರಡೂ ಒಂದೇ ಗೆರೆಯಲ್ಲಿ ಕಾಣಬೇಕು. ಈಗ ತಿರುಚಿಕೊಂಡಿದ್ದರೆ ಬೋಟು ಮುಂದೆ ಸದಾ ಒಂದು ಬದಿಗೆ ಎಳೆಯುತ್ತದೆ, ಆಮೇಲೆ ಸರಿಪಡಿಸಲಾಗದು.

ಇಲ್ಲಿನ ಅಂಟು ಎಪಾಕ್ಸಿ, ಅಂದರೆ ರಾಳಕ್ಕೆ ಹಾರ್ಡನರ್ ಎಂಬ ಇನ್ನೊಂದು ದ್ರವ ಬೆರೆಸಿದಾಗ ಗಟ್ಟಿಯಾಗುವಂಥದ್ದು. ಒಳಮೂಲೆಗೆ ಎಪಾಕ್ಸಿಯಲ್ಲಿ ನುಣ್ಣನೆಯ ಮರದ ಹುಡಿ ಕಲಸಿ, ಚಮಚ ಬೋರಲು ಹಾಕಿದರೂ ಜಾರದಷ್ಟು ಗಟ್ಟಿ ಮಾಡಿ ತಂತಿಗಳ ನಡುವೆ ತುಂಬಿ. ಗಟ್ಟಿಯಾದ ಮೇಲೆ ತಂತಿ ಕಿತ್ತು, ಉಳಿದ ಜಾಗ ತುಂಬಿ, ಮೇಲೆ 4 ಇಂಚು ಅಗಲದ ಫೈಬರ್‌ಗ್ಲಾಸ್ ಟೇಪ್ ಕೂರಿಸಿ. ಊರಿನಲ್ಲಿ ಫೈಬರ್ ಬೋಟಿನ ಕೆಲಸ ಬಲ್ಲವರು ಇಲ್ಲೇ ಎಡವುತ್ತಾರೆ. ಫೈಬರ್ ಬೋಟಿಗೆ ಬಳಸುವ ಪಾಲಿಯೆಸ್ಟರ್ ರಾಳಕ್ಕೆ ಕ್ಯಾಟಲಿಸ್ಟ್ (ಗಟ್ಟಿಯಾಗಿಸುವ ದ್ರವ) ತುಸು ಹೆಚ್ಚಿಸಿದರೆ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿಗೆ ಹಾರ್ಡನರ್ ಹೆಚ್ಚಾದರೆ ಅದು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ರಾಳ ಮತ್ತು ಹಾರ್ಡನರ್ ಪ್ರಮಾಣ ಡಬ್ಬಿಯ ಮೇಲೆ 5:1 ಎಂದಿದ್ದರೆ 5:1, 2:1 ಎಂದಿದ್ದರೆ 2:1. ಬೇಗ ಆಗಬೇಕಿದ್ದರೆ ಫಾಸ್ಟ್ ಹಾರ್ಡನರ್ ಕೊಳ್ಳಿ. ಒಮ್ಮೆಗೆ 200 ಮಿ.ಲೀ.ಗಿಂತ ಹೆಚ್ಚು ಕಲಸದೆ, ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ಕೈಗೆ ನೈಟ್ರೈಲ್ ಗ್ಲೌಸ್ ಬೇಕೇ ಬೇಕು, ಎಪಾಕ್ಸಿ ಅಲರ್ಜಿ ಒಮ್ಮೆ ಅಂಟಿದರೆ ಸಾಮಾನ್ಯವಾಗಿ ಬಿಡುವುದಿಲ್ಲ.

ಇನ್ನು ಹವೆ. ಗ್ಯಾರೇಜು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಸಾಮಾನ್ಯ ಎಪಾಕ್ಸಿ ದಿನಗಟ್ಟಲೆ ಅಂಟಂಟಾಗಿ ಉಳಿಯುತ್ತದೆ. ಹಾಗೆಂದು ಹೊಗೆಕೊಳವೆಯಿಲ್ಲದ ಪ್ರೊಪೇನ್ ಹೀಟರ್ ಹಚ್ಚಬೇಡಿ. ಮುಚ್ಚಿದ ಜಾಗದಲ್ಲಿ ಅದು ಜೀವಕ್ಕೆ ಅಪಾಯ. ಜೊತೆಗೆ ಅದು ಬಿಡುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹಾರ್ಡನರ್ ಜೊತೆ ಸೇರಿ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕಟ್ಟುತ್ತದೆ, ಅದರ ಮೇಲೆ ಬಣ್ಣ ನಿಲ್ಲದು. ಜಿಡ್ಡು ಕಂಡರೆ ಮೊದಲು ನೀರು ಮತ್ತು ಪಾತ್ರೆ ಉಜ್ಜುವ ಪ್ಯಾಡಿನಿಂದ ತೊಳೆಯಿರಿ, ಆಮೇಲೆ ಸ್ಯಾಂಡ್‌ಪೇಪರ್. ಕ್ರಮ ತಪ್ಪಿದರೆ ಜಿಡ್ಡು ಇನ್ನಷ್ಟು ಹರಡುತ್ತದೆ. ಮರಕ್ಕೆ ಎಪಾಕ್ಸಿಯ ಮೊದಲ ಪದರವನ್ನು ಸಂಜೆ ಹಚ್ಚಿ. ಬೆಳಿಗ್ಗೆ ಹಚ್ಚಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ತಾಪ ಇಳಿಯುವಾಗ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಗೆಳೆದುಕೊಳ್ಳುತ್ತದೆ.

ಎಂಜಿನ್ ತೂಗುವ ಹಿಂಬದಿ ಹಲಗೆ ಸುಮಾರು 38 ಮಿ.ಮೀ. ದಪ್ಪವಿರಲಿ. ಅದರ ಎತ್ತರ ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಎಂಜಿನ್‌ಗೆ 15 ಇಂಚು, ಲಾಂಗ್ ಶಾಫ್ಟ್‌ಗೆ (ಉದ್ದ ಕಾಲಿನದಕ್ಕೆ) 20. ಪ್ರೊಪೆಲರ್ ಮೇಲಿನ ಚಪ್ಪಟೆ ತಟ್ಟೆ ಹೆಚ್ಚುಕಡಿಮೆ ತಳದ ಮಟ್ಟಕ್ಕೆ ಬರಬೇಕು. ಅದು ಮೇಲಾದರೆ ಪ್ರೊಪೆಲರ್ ಗಾಳಿ ಎಳೆದು ಎಂಜಿನ್ ಸುಮ್ಮನೆ ಅರಚುತ್ತದೆ, ಬೋಟು ಮುಂದೆ ಹೋಗದು. ಬೋಲ್ಟಿನ ತೂತನ್ನು ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಇದಕ್ಕೆ ಸೋಮಾರಿತನ ಮಾಡಿದರೆ ನೀರು ಪ್ಲೈವುಡ್‌ನೊಳಗೆ ಇಳಿದು ಹಲಗೆ ಒಳಗಿಂದಲೇ ಕೊಳೆಯುತ್ತದೆ.

ಎಪಾಕ್ಸಿಗೆ ಬಿಸಿಲು ಆಗದು. ಮೇಲೆ ಪ್ರೈಮರ್, ಪಾಲಿಯುರೇಥೇನ್ ಪೇಂಟ್ ಬೇಕು.

ಮನೆಯಲ್ಲಿ ಕಟ್ಟಿದ ಬೋಟಿಗೆ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆಯನ್ನು ರಾಜ್ಯವೇ ಕೊಡುತ್ತದೆ, ಹಾಗಾಗಿ ಪ್ಲೈವುಡ್ ಮತ್ತು ಎಂಜಿನ್ ಕೊಂಡ ಬಿಲ್‌ಗಳನ್ನು ಎಸೆಯಬೇಡಿ. ನೋಂದಣಿ ಸಂಖ್ಯೆಯನ್ನು ಮುಂಭಾಗದ ಎರಡೂ ಬದಿಗೆ, ಕನಿಷ್ಠ 3 ಇಂಚು ಎತ್ತರದ ಅಕ್ಷರಗಳಲ್ಲಿ ಬರೆಯಬೇಕು.

ನೀರಿಗಿಳಿಸಿದ ದಿನ ಪೂರ್ತಿ ಥ್ರಾಟಲ್‌ನಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ನೋಡಿ. ಎಂಜಿನ್ ಪುಸ್ತಕದಲ್ಲಿ ಕೊಟ್ಟ ಮಿತಿಗಿಂತ ಕಡಿಮೆಯಿದ್ದರೆ ಕಡಿಮೆ ಪಿಚ್‌ನ (ಪಿಚ್ ಎಂದರೆ ಒಂದು ಸುತ್ತಿಗೆ ಪ್ರೊಪೆಲರ್ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಪ್ರೊಪೆಲರ್ ಹಾಕಿ. ಒಂದು ಇಂಚು ಪಿಚ್‌ಗೆ ಸುಮಾರು 150ರಿಂದ 200 ಆರ್‌ಪಿಎಂ ವ್ಯತ್ಯಾಸ ಬರುತ್ತದೆ.