ನಾಲ್ಕು ಗಂಟೆಯ ಎಣಿಕೆ

ಶಿಬಿರ ಶನಿವಾರ ಮುಗಿಯಿತು, ಇವತ್ತು ಮಂಗಳವಾರ. ಸಂಜೆ ನಾಲ್ಕಾಯಿತೆಂದರೆ ಕೈಯಲ್ಲಿದ್ದ ಕೆಲಸ ತಾನಾಗಿ ನಿಲ್ಲುವುದು ಮಾತ್ರ ಇನ್ನೂ ಮುಗಿದಿಲ್ಲ. ನಿನ್ನೆ ವಾರ್ಡಿನಲ್ಲಿ ಒಬ್ಬ ಅಜ್ಜನ ರಕ್ತದೊತ್ತಡ ನೋಡುತ್ತಿದ್ದವಳು ಗೋಡೆಯ ಗಡಿಯಾರದ ಕಡೆ ತಿರುಗಿದೆ. ತೋಳಿನ ಪಟ್ಟಿಯ ಗಾಳಿ ಪೂರ್ತಿ ಇಳಿದುಹೋಯಿತು, ಮತ್ತೆ ತುಂಬಬೇಕಾಯಿತು. "ಯಾರನ್ನಾದರೂ ಕಾಯುತ್ತಿದ್ದೀಯಾ?" ಎಂದು ಅಜ್ಜ ಕೇಳಿದರು. ಇಲ್ಲ ಎಂದೆ.

ಪೂರ್ವ ಟೆಕ್ಸಸ್‌ನ ಪೈನ್ ಕಾಡಿನ ನಡುವೆ, ಕೆರೆಯ ದಂಡೆಯಲ್ಲೊಂದು ಕ್ರೈಸ್ತ ಶಿಬಿರ. ಆ ವಾರ ಅಲ್ಲಿಗೆ ಬಂದ 41 ಮಕ್ಕಳಲ್ಲಿ ಪ್ರತಿಯೊಬ್ಬರ ಅಪ್ಪನೋ ಅಮ್ಮನೋ ಜೈಲಿನಲ್ಲಿದ್ದರು. ಶಿಬಿರಕ್ಕೆ ಒಬ್ಬ ನರ್ಸ್ ಬೇಕಾಗಿತ್ತು. ಸಿಗಬೇಕಾಗಿದ್ದವರು ಕೈಕೊಟ್ಟರು, ಡಲ್ಲಾಸ್‌ನ ಗೆಳತಿಯೊಬ್ಬಳು ನನ್ನ ಹೆಸರು ಹೇಳಿದಳು. ರಜೆ ಬಾಕಿ ಇತ್ತು, ಹೋದೆ. ಪುಣ್ಯ ಕಟ್ಟಿಕೊಳ್ಳುವ ಆಸೆಯೇನೂ ಇರಲಿಲ್ಲ. ಕೆರೆ ಇದೆ ಎಂದಿದ್ದರು, ಅಷ್ಟೇ ಸಾಕಾಗಿತ್ತು.

ಶಿಬಿರದ ನರ್ಸ್‌ಗೆ ದೊಡ್ಡ ಕೆಲಸವಿಲ್ಲ. ಬೆಳಿಗ್ಗೆ ತಿಂಡಿಗೆ ಮುಂಚೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಹೆಸರು ನೋಡಿ ಮಾತ್ರೆ ಕೊಡಬೇಕು, ನುಂಗಿದರೇ ಎಂದು ನೋಡಬೇಕು. ಆಮೇಲೆ ಆಸ್ತಮಾ, ಮೊಣಕಾಲಿನ ತರಚು, ಕೆಂಪಿರುವೆಯ ಕಡಿತ. ರಾತ್ರಿ ಹೊಟ್ಟೆನೋವು. ಮೊದಲ ಮೂರು ರಾತ್ರಿ ನನ್ನ ಬಾಗಿಲಿಗೆ ಬಂದ ಹೊಟ್ಟೆನೋವುಗಳಲ್ಲಿ ನಿಜವಾಗಿ ಹೊಟ್ಟೆಯಲ್ಲಿ ಇದ್ದದ್ದು ಎರಡು ಮಾತ್ರ. ಉಳಿದವುಗಳಿಗೆ ಒಂದು ಲೋಟ ಬೆಚ್ಚಗಿನ ನೀರು, ಕುಳಿತುಕೊಳ್ಳಲು ಒಂದು ಕುರ್ಚಿ ಸಾಕು. ಊರಿನಲ್ಲಾದರೆ ಓಮದ ಕಷಾಯ ಕುಡಿಸುತ್ತಿದ್ದೆ, ಇಲ್ಲಿ ಅದಕ್ಕೆ ಪೋಷಕರ ಸಹಿ ಬೇಕು.

ಮಂಗಳವಾರ ಕೆರೆಯಲ್ಲಿ ಈಜು. ಮಕ್ಕಳನ್ನು ಜೋಡಿ ಜೋಡಿಯಾಗಿ ನೀರಿಗಿಳಿಸುತ್ತಾರೆ. ಸ್ವಲ್ಪ ಹೊತ್ತಿಗೊಮ್ಮೆ ಸೀಟಿ ಊದಿದಾಗ ಪ್ರತಿ ಜೋಡಿಯೂ ಕೈ ಕೈ ಹಿಡಿದು ಮೇಲೆತ್ತಬೇಕು, ದಡದಲ್ಲಿದ್ದವರು ಎಣಿಸಬೇಕು. ಆ ದಿನ ಜನ ಕಡಿಮೆ ಇದ್ದರು, ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಮನೆಮಾತು ಕೊಂಕಣಿ, ಅನ್ನ ಕೊಡುವ ಮಾತು ಇಂಗ್ಲಿಷ್. ಎಣಿಸುವುದು ಮಾತ್ರ ಕನ್ನಡದಲ್ಲೇ, ಯಾಕೆಂದರೆ ಬಂಟ್ವಾಳದ ಕಡೆಯ ಕನ್ನಡ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ನಾಲಿಗೆ ಇದು. ಸೀಟಿ ಊದಿತು. ಒಂದು, ಎರಡು, ಮೂರು ಎಂದು ಬೆರಳು ತೋರಿಸುತ್ತಾ ಹೋದೆ. ಹನ್ನೊಂದರ ಹತ್ತಿರ ಒಬ್ಬ ಹುಡುಗ, ಒಂಬತ್ತು ವರ್ಷವಿರಬಹುದು, ಸೊಂಟದ ಮಟ್ಟದ ನೀರಿನಲ್ಲಿ ನೆಟ್ಟಗೆ ನಿಂತಿದ್ದ. ಎರಡೂ ಕೈ ತೊಡೆಗೆ ಅಂಟಿಕೊಂಡಿದ್ದವು. ಜೋಡಿಯ ಹುಡುಗ ಗಾಳಿಯಲ್ಲಿ ಕೈ ಚಾಚಿಕೊಂಡು ಕಾಯುತ್ತಿದ್ದ.

"ಅವನ ಕೈ ಹಿಡಿದುಕೋ" ಎಂದೆ.

"ನಾಲ್ಕು ಗಂಟೆಯಾಯಿತು" ಎಂದ. "ಈಗ ಅಪ್ಪನನ್ನು ಎಣಿಸುತ್ತಿದ್ದಾರೆ. ನಿಂತಿರಬೇಕು."

ಕೆರಳಿರಲಿಲ್ಲ, ಅಳುತ್ತಲೂ ಇರಲಿಲ್ಲ. ಹೊರಗೆ ಮಳೆ ಬರುತ್ತಿದೆ, ಕೊಡೆ ಹಿಡಿಯಬೇಕು ಎಂದಂತೆ ಹೇಳಿದ. ಬೇರೆ ಯಾವ ಶಿಬಿರವಾಗಿದ್ದರೂ ಪಕ್ಕದ ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಇಲ್ಲಿ ಒಬ್ಬರೂ ನಗಲಿಲ್ಲ. ಆಚೆಯಿಂದ ಒಬ್ಬಳು ಮೂಗು ಒರೆಸಿಕೊಳ್ಳುತ್ತಾ, "ನನ್ನಮ್ಮನದು ರಾಜ್ಯದ ಜೈಲು, ಅಲ್ಲಿ ಬೇರೆ ಸಮಯ" ಎಂದು ತಿದ್ದಿದಳು. ನನ್ನ ಲೆಕ್ಕ ತಪ್ಪಿಹೋಯಿತು. ಮತ್ತೆ ಸೀಟಿ ಊದಿಸಿದೆ. ಹುಡುಗ ನನ್ನನ್ನು ಸಮಾಧಾನ ಮಾಡಿದ: "ಅಲ್ಲಿಯೂ ಲೆಕ್ಕ ತಪ್ಪಿದರೆ ಮೊದಲಿನಿಂದ ಎಣಿಸುತ್ತಾರೆ. ಆ ದಿನ ಫೋನ್ ತಡವಾಗಿ ಬರುತ್ತದೆ, ಅಷ್ಟೇ."

ನಿಜವೇ. ಇಲ್ಲಿನ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾರಾಗೃಹಗಳಲ್ಲಿ ದಿನಕ್ಕೆ ಕನಿಷ್ಠ 5 ಸಲ ಕೈದಿಗಳನ್ನು ಎಣಿಸುತ್ತಾರೆ. ಸಂಜೆ ನಾಲ್ಕರ ಎಣಿಕೆಗೆ ಎಲ್ಲರೂ ಎದ್ದು ನಿಲ್ಲಬೇಕು, ಶನಿವಾರ, ಭಾನುವಾರ ಬೆಳಿಗ್ಗೆ ಹತ್ತಕ್ಕೂ ಹಾಗೆಯೇ. ಇದನ್ನು ಅಮೆರಿಕದಲ್ಲಿ ಹದಿನೇಳು ವರ್ಷ ಕಳೆದ ನಾನು ಆ ರಾತ್ರಿ ಓದಿ ತಿಳಿದುಕೊಂಡೆ. ಅವನು ಅಪ್ಪನ 15 ನಿಮಿಷದ ಫೋನ್ ಕರೆಗಳಿಂದ ತಿಳಿದುಕೊಂಡಿದ್ದ.

ಅಲ್ಲಿಂದ ಮುಂದೆ ಶಿಬಿರ ನನ್ನ ಕಣ್ಣಿಗೆ ಬೇರೆಯಾಗಿಯೇ ಕಾಣತೊಡಗಿತು. ಬೆಳಿಗ್ಗೆ ಮಾತ್ರೆಯ ಸಾಲು, ಅಲ್ಲಿಯೂ ಮಾತ್ರೆಯ ಸಾಲು. ಊಟದ ನಂತರ ಹೆಸರು ಕೂಗಿ ಪತ್ರ ಹಂಚುವುದು, ಅಲ್ಲಿಯೂ ಅದೇ. ಮಲಗುವ ಮುಂಚೆ ಟಾರ್ಚ್ ಹಿಡಿದು ಮಂಚ ಮಂಚಕ್ಕೆ ಹೋಗಿ ತಲೆ ಎಣಿಸುವುದು. ಮಕ್ಕಳು ಇದನ್ನೆಲ್ಲ ನಮಗಿಂತ ಮೊದಲೇ ಗಮನಿಸಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಮಗೆ ಹೇಳಿ ಬೇಸರ ಪಡಿಸುವುದೇಕೆ ಎಂದು ಸುಮ್ಮನಿದ್ದಿರಬೇಕು. ಹುಡುಗಿಯರ ಕೋಣೆಯಲ್ಲಿ ಒಬ್ಬಳು ರಾತ್ರಿ ಎದ್ದು ಎದ್ದು ಏಸಿ ಆರಿಸುತ್ತಿದ್ದಳು, ಉಳಿದವರು ಬೆವರಿ ಜಗಳಕ್ಕೆ ನಿಲ್ಲುತ್ತಿದ್ದರು. ಹಟಮಾರಿ ಎಂದು ದೂರು ನನ್ನವರೆಗೂ ಬಂತು. ಟೆಕ್ಸಸ್‌ನ ರಾಜ್ಯ ಜೈಲುಗಳ ಬಹುಪಾಲು ಕೋಣೆಗಳಲ್ಲಿ ಏಸಿ ಇಲ್ಲ. 2025ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಈ ಬೇಗೆ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿದರು, ಆದರೆ ತಕ್ಷಣ ಏಸಿ ಹಾಕಿಸಿ ಎಂದು ಆದೇಶಿಸಲಿಲ್ಲ. ಹುಡುಗಿ ನ್ಯಾಯಾಲಯಕ್ಕೆ ಕಾಯದೆ ತನ್ನ ಕೈಯಲ್ಲಾದದ್ದನ್ನು ಮಾಡುತ್ತಿದ್ದಳು.

ಬುಧವಾರ ಹುಡುಗ ಪಾದಕ್ಕೆ ಕೆಂಪಿರುವೆ ಕಡಿಸಿಕೊಂಡು ಬಂದ. ಮುಲಾಮು ಹಚ್ಚುವಾಗ, "ನಿನ್ನೆ ಎಣಿಸಿದ್ದು ಯಾವ ಭಾಷೆ?" ಎಂದು ಕೇಳಿದ. ಹೇಳಿದೆ. ಹತ್ತರವರೆಗೆ ಬೇಕು ಎಂದ. ಆರರವರೆಗೆ ಸಲೀಸಾಗಿ ಬಂದ, ಏಳರಲ್ಲಿ ಎಡವಿದ. ಳಕಾರ ಹೊರಳಲಿಲ್ಲ, "ಏಲು" ಎಂದೇ ಬಂತು. ಸುಮ್ಮನಿರಲಾರದೆ, ಆ ಪದಕ್ಕೆ ಎದ್ದು ನಿಲ್ಲು ಎಂಬ ಅರ್ಥವೂ ಇದೆ ಎಂದು ಹೇಳಿದೆ. ಅವನು ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದ.

"ಹಾಗಾದರೆ ನಾಲ್ಕು ಗಂಟೆಗೆ ಅಪ್ಪನಿಗೆ ಹೇಳುವುದು ಇದೇ. ಏಲು."

ಈ ಮಗುವಿನ ಅಪ್ಪ ಏನು ಮಾಡಿ ಒಳಗೆ ಹೋದ? ಕೇಳಬಾರದು ಎಂದು ಮೊದಲ ದಿನವೇ ನಮಗೆ ತಾಕೀತು ಮಾಡಿದ್ದರು. ನಾನು ಕೇಳಲಿಲ್ಲ, ಅದಕ್ಕಿಂತ ಕೀಳಾದ ಕೆಲಸ ಮಾಡಿದೆ. ಫೆಡರಲ್ ಕೈದಿಗಳ ಹೆಸರು ಹಾಕಿದರೆ ಎಲ್ಲಿದ್ದಾರೆ, ಯಾವಾಗ ಬಿಡುಗಡೆ ಎಂದು ತೋರಿಸುವ ಸರ್ಕಾರಿ ಪುಟವೊಂದಿದೆ, ಯಾರು ಬೇಕಾದರೂ ನೋಡಬಹುದು. ಹುಡುಗನ ಆರೋಗ್ಯ ಅರ್ಜಿಯಲ್ಲಿ ಅಪ್ಪನ ಹೆಸರಿತ್ತು. ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಹುಡುಕಿದೆ. ಅಪರಾಧವೇನೆಂದು ಅಲ್ಲಿ ಇರುವುದಿಲ್ಲ. ಬಿಡುಗಡೆಯ ದಿನಾಂಕ ಇತ್ತು. ಆ ದಿನ ಹುಡುಗನಿಗೆ ಎಷ್ಟು ವಯಸ್ಸಾಗಿರುತ್ತದೆ ಎಂದು ಲೆಕ್ಕ ಹಾಕಿದೆ: ಹದಿನಾರು. ಮೊಬೈಲ್ ಮುಚ್ಚಿಟ್ಟೆ. ನರ್ಸ್ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ರೋಗಿಗಳ ಗುಟ್ಟು ಕಾಪಾಡಿದ್ದೇನೆ ಎಂದು ಹೆಮ್ಮೆ ಪಡುತ್ತಿದ್ದವಳು ನಾನು.

ಗುರುವಾರ ರಾತ್ರಿ ಬೆಂಕಿಯ ಸುತ್ತ ಪ್ರಾರ್ಥನೆ. ಪ್ರವಚನಕಾರರು ಒಳ್ಳೆಯವರು, ಗಿಟಾರ್ ಚೆನ್ನಾಗಿ ನುಡಿಸುತ್ತಾರೆ, ನಲವತ್ತು ದಾಟಿದರೂ ಹದಿನೆಂಟರವರಂತೆ ಉಡುಪು. ಅವರೆಂದರು: "ಭೂಮಿಯ ಮೇಲಿನ ಅಪ್ಪಂದಿರು ಕೈಬಿಡಬಹುದು. ಪರಲೋಕದ ತಂದೆ ಎಂದೂ ಕೈಬಿಡುವುದಿಲ್ಲ." ನಾನು ಕ್ಯಾಥೊಲಿಕಳು, ಪರಲೋಕದಲ್ಲಿರುವ ತಂದೆಯನ್ನು ದಿನಾ ನೆನೆಯುವವಳೇ. ಆದರೂ ಆ ಮೊದಲ ವಾಕ್ಯಕ್ಕೆ ಮೈ ಉರಿಯಿತು. ಎರಡನೆಯದನ್ನು ಹೇಳಲು ಮೊದಲನೆಯದು ಬೇಕಿತ್ತೇ? ದೇವರನ್ನು ಎತ್ತರಿಸಲು ಮಕ್ಕಳ ಅಪ್ಪಂದಿರ ಹೆಗಲ ಮೇಲೆ ಕಾಲಿಡಬೇಕೇ? ಹುಡುಗ ನನ್ನ ಪಕ್ಕದಲ್ಲಿದ್ದ. ಕಡ್ಡಿಯ ತುದಿಯಲ್ಲಿ ಸುಟ್ಟ ಮಾರ್ಷ್‌ಮ್ಯಾಲೋ ಊದುತ್ತಾ, ನನಗಷ್ಟೇ ಕೇಳುವಂತೆ ಹೇಳಿದ: "ನನ್ನ ಅಪ್ಪ ಕೈಬಿಟ್ಟಿಲ್ಲ. ಅವನು ಎಲ್ಲಿದ್ದಾನೆಂದು ನನಗೆ ಗೊತ್ತು."

ಆಮೇಲೆ ಯೇಸುವನ್ನು ಹೃದಯಕ್ಕೆ ಬರಮಾಡಿಕೊಳ್ಳುವವರು ಕೈ ಎತ್ತಿ ಎಂದರು. ಕೆಲವು ಕೈಗಳು ಎದ್ದವು. ಹಿಂದೆ ನಿಂತಿದ್ದ ಒಬ್ಬರು ಅವನ್ನು ಎಣಿಸಿ ಪುಸ್ತಕದಲ್ಲಿ ಬರೆದುಕೊಂಡರು. ದಾನಿಗಳಿಗೆ ವರದಿ ಕಳಿಸಬೇಕಲ್ಲ.

ಇಷ್ಟು ಬೈದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮರುದಿನ ಬೆಳಿಗ್ಗೆ ಅದೇ ಪ್ರವಚನಕಾರರು ಮೊಣಕೈಯವರೆಗೆ ನೊರೆ ಮಾಡಿಕೊಂಡು ಎಲ್ಲರ ತಟ್ಟೆ ತೊಳೆಯುತ್ತಿದ್ದರು. ನನ್ನ ಕೋಪ ಇಳಿಯಿತು, ಪೂರ್ತಿ ಅಲ್ಲ. ಈ ಮಕ್ಕಳಿಗಾಗಿ ಒಂದು ವಾರ ಕೆರೆ, ದೋಣಿ, ಬಿಲ್ಲುಬಾಣ ಒದಗಿಸಿದವರು ಇವರೇ ಹೊರತು ಸರ್ಕಾರವಲ್ಲ, ನನ್ನಂತೆ ಊರಿಗೆ ಹೋಗಿಬರುವುದಕ್ಕೇ ರಜೆ ಕೂಡಿಡುವವರೂ ಅಲ್ಲ. 2010ರಲ್ಲಿ ಪ್ಯೂ ಎಂಬ ಸರ್ಕಾರೇತರ ಸಂಸ್ಥೆ ಲೆಕ್ಕ ಹಾಕಿದಾಗ ಅಮೆರಿಕದಲ್ಲಿ 27 ಲಕ್ಷ ಮಕ್ಕಳ ಅಪ್ಪ ಅಥವಾ ಅಮ್ಮ ಸೆರೆಯಲ್ಲಿದ್ದರು. 28 ಮಕ್ಕಳಲ್ಲಿ ಒಂದು, ಕಪ್ಪು ಜನಾಂಗದ ಮಕ್ಕಳಲ್ಲಾದರೆ 9ರಲ್ಲಿ ಒಂದು. ನನ್ನ ಮಗಳ ತರಗತಿಯಲ್ಲಿ 28 ಮಕ್ಕಳಿದ್ದಾರೆ. ಯಾರಿರಬಹುದು ಎಂದು ಒಮ್ಮೆಯೂ ಯೋಚಿಸಿದವಳಲ್ಲ.

ಇಂಥ ಕೆಲಸ ಮೊದಲು ಹೊಳೆದದ್ದು ಕೂಡ ಪಾದ್ರಿಗಳಿಗಲ್ಲ. ಮೇರಿ ಕೇ ಬಿಯರ್ಡ್ ಎಂಬಾಕೆ ಬ್ಯಾಂಕ್ ದರೋಡೆ ಮಾಡಿ ಅಲಬಾಮಾದ ಜೈಲಿನಲ್ಲಿದ್ದವಳು. ಕ್ರಿಸ್‌ಮಸ್‌ಗೆ ಚರ್ಚಿನವರು ಕೈದಿಗಳಿಗೆ ಸೋಪು, ಶಾಂಪೂ, ಹಲ್ಲುಜ್ಜುವ ಪೇಸ್ಟ್ ಹಂಚುತ್ತಿದ್ದರಂತೆ. ಒಳಗಿದ್ದ ತಾಯಂದಿರು ಅದನ್ನು ತಾವು ಬಳಸದೆ ಸುತ್ತಿಟ್ಟು, ಭೇಟಿಗೆ ಬಂದ ಮಕ್ಕಳಿಗೆ ಉಡುಗೊರೆ ಎಂದು ಕೊಡುತ್ತಿದ್ದರು. ಮಕ್ಕಳೂ ಹಿಗ್ಗುತ್ತಿದ್ದರು, ಅಮ್ಮ ಕೊಟ್ಟದ್ದಲ್ಲವೇ. ಹೊರಗೆ ಬಂದ ಮೇಲೆ ಆಕೆ 1982ರಲ್ಲಿ, ಕೈದಿಗಳ ಹೆಸರಿನಲ್ಲೇ ಅವರ ಮಕ್ಕಳಿಗೆ ಉಡುಗೊರೆ ತಲುಪಿಸುವ ಏಂಜೆಲ್ ಟ್ರೀ ಶುರು ಮಾಡಿದಳು. ಅದರ ಹಿಂದಿದ್ದ ಪ್ರಿಸನ್ ಫೆಲೋಶಿಪ್ ಅನ್ನು ಕಟ್ಟಿದವನೂ ಮಾಜಿ ಕೈದಿಯೇ, ವಾಟರ್‌ಗೇಟ್ ಹಗರಣದ ಕಾಲದಲ್ಲಿ ಏಳು ತಿಂಗಳು ಒಳಗಿದ್ದ, ಅಧ್ಯಕ್ಷ ನಿಕ್ಸನ್‌ನ ಸಹಾಯಕ ಚಾರ್ಲ್ಸ್ ಕೋಲ್ಸನ್. ಮಕ್ಕಳನ್ನು ಬೇಸಿಗೆ ಶಿಬಿರಗಳಿಗೆ ಕಳಿಸುವ ಕೆಲಸವೂ ಮುಂದೆ ಅದೇ ಏಂಜೆಲ್ ಟ್ರೀಗೆ ಸೇರಿಕೊಂಡಿತು. ನನಗೆ ಇದರಲ್ಲಿ ಹಿಡಿಸಿದ್ದು ಆ ಸೋಪಿನ ಬಿಲ್ಲೆ. ಅಲ್ಲಿ ಯಾರೂ ಮಕ್ಕಳಿಗೆ ಬೇರೆ ಅಮ್ಮನನ್ನು ತೋರಿಸಲಿಲ್ಲ, ಇದ್ದ ಅಮ್ಮನ ಕೈಯಿಂದಲೇ ಕೊಡಿಸಿದರು.

ನನ್ನ ಅಪ್ಪ ಬಹರೇನ್‌ನಲ್ಲಿದ್ದ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ, ಉಳಿದಂತೆ ನೀಲಿ ಅಂಚಿನ ಲಕೋಟೆ. ಬೀಡಿ ಕಟ್ಟುತ್ತಾ ಅಮ್ಮ ಅದನ್ನು ನನ್ನಿಂದ ಎರಡೆರಡು ಸಲ ಓದಿಸುತ್ತಿದ್ದಳು. ಅಪ್ಪ ಇಲ್ಲದ್ದು ನನಗೆ ಕೊರತೆಯಾಗಿ ಕಂಡಿರಬಹುದು, ಅವಮಾನವಾಗಿ ಎಂದೂ ಕಾಣಲಿಲ್ಲ. ಗಲ್ಫಿನ ಮಕ್ಕಳು ಎಂದರೆ ಶಾಲೆಯಲ್ಲಿ ಒಂದು ತೂಕವಿತ್ತು, ಪರಿಮಳದ ರಬ್ಬರು ಇತ್ತು. ಅದೇ ತರಗತಿಯಲ್ಲಿ ಇನ್ನೊಬ್ಬ ಹುಡುಗನ ಅಪ್ಪ ಬೊಂಬಾಯಿಯಲ್ಲಿದ್ದಾನೆ ಎಂದು ಹೇಳುತ್ತಿದ್ದರು. ಬೊಂಬಾಯಿಯಿಂದ ಪತ್ರ ಬರುತ್ತಿರಲಿಲ್ಲ. ಮುಂದೆ ಮಂಗಳೂರಿನಲ್ಲಿ ನರ್ಸಿಂಗ್ ಓದುವಾಗ ದಿನಾ ಕೊಡಿಯಾಲಬೈಲಿನ ಜೈಲಿನ ಗೋಡೆಯ ಪಕ್ಕದಲ್ಲೇ ಬಸ್ಸಿಗೆ ನಡೆಯುತ್ತಿದ್ದೆ. ಒಂದು ದಿನ ಗೇಟಿನ ಹೊರಗೆ ಆ ಹುಡುಗ ಒಂದು ಚೀಲ ಹಿಡಿದು ನಿಂತಿದ್ದ. ಅವನು ನನ್ನನ್ನು ನೋಡಿದ, ನಾನು ಕೊಡೆಯನ್ನು ಆ ಕಡೆಗೆ ವಾಲಿಸಿ ಮುಖ ಮರೆಮಾಡಿಕೊಂಡು ಮುಂದೆ ಹೋದೆ. ಅವನ ಮಾನ ಉಳಿಸಿದೆ ಎಂದುಕೊಂಡಿದ್ದೆ, ಈ ಕಳೆದ ವಾರದವರೆಗೂ.

ಶನಿವಾರ ಬಸ್ಸು ಹೊರಡುವಾಗ ಹತ್ತು ಗಂಟೆ. ಮಕ್ಕಳನ್ನು ಹತ್ತಿಸಿ ಎಣಿಸಿದೆ, 41 ಸರಿಯಾಗಿತ್ತು. ಕೆಳಗಿಳಿದು ಔಷಧದ ಪೆಟ್ಟಿಗೆಯ ಮೇಲೆ ಕುಳಿತೆ, ಆರು ದಿನದ ನಿದ್ದೆಗೇಡು ಕಾಲಿಗೆ ಇಳಿದಿತ್ತು. ಉಳಿದವರು ಕೈ ಬೀಸುತ್ತಾ ಸಾಲಾಗಿ ನಿಂತಿದ್ದರು, ಪ್ರವಚನಕಾರರು, ಅಡುಗೆಯವರು, ಕಾಲೇಜು ಹುಡುಗಿಯರು. ಬಸ್ಸಿನೊಳಗೆ ಎಲ್ಲರೂ ಕುಳಿತಿದ್ದರು. ಅವನೊಬ್ಬ ಕಿಟಕಿಯ ಬಳಿ ನಿಂತಿದ್ದ. ಗಾಜು ಸರಿಸಿ, ಬೆರಳು ಹೊರಗೆ ಚಾಚಿ, ಕೆಳಗಿದ್ದ ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸತೊಡಗಿದ. ಒಂದು. ಎರಡು. ಮೂರು. ಅಡುಗೆಯವರಿಗೆ ಅರ್ಥವಾಗದೆ ನನ್ನ ಕಡೆ ನೋಡಿದರು. ನಾಲ್ಕು, ಐದು, ಆರು. ಬೆರಳು ನನ್ನ ಮೇಲೆ ಬಂದು ನಿಂತಿತು.

"ಏಲು" ಎಂದ.

ಎದ್ದು ನಿಂತೆ.