ಡಿಸ್ನಿಗೆ ಹೊರಟಾಗ ಅಪ್ಪ ಅಮ್ಮನ ಕೈಗೂ 50 ಡಾಲರ್

ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು. ನಾವಿರುವುದು ಅಮೆರಿಕದ ಅಟ್ಲಾಂಟದಲ್ಲಿ. ಮಕ್ಕಳಿಗೆ ಬೇಸಿಗೆ ರಜ ಬೇರೆ ಶುರುವಾಗಿತ್ತು. ಅಪ್ಪ ಅಮ್ಮ ಇಬ್ಬರಿಗೂ ಒಂದು ಸಲ ಡಿಸ್ನಿ ವರ್ಲ್ಡ್ ತೋರಿಸಲೇಬೇಕು ಅಂತ ನನಗೂ ನನ್ನ ಗಂಡನಿಗೂ ತುಂಬಾ ದಿನದ ಆಸೆ. 2025ರ ಜೂನ್‌ನಲ್ಲಿ ಹೋಗಿ ಬಂದೆವು. ಅಲ್ಲಿ ಏನೇನಿದೆ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ದುಡ್ಡಿನ ವಿಷಯ ಬರೆಯುತ್ತೇನೆ. ಊರಿನಿಂದ ಫೋನ್ ಮಾಡುವ ಚಿಕ್ಕಮ್ಮ, ಅತ್ತಿಗೆ ಎಲ್ಲರೂ ಕೇಳುವುದು ಇದೇ ಪ್ರಶ್ನೆ: "ಟಿಕೆಟ್ ತಗೊಂಡ ಮೇಲೆ ಒಳಗೆ ಇನ್ನೆಷ್ಟು ಬೇಕಾಗುತ್ತೆ ಕಣೇ?"

ಒಳ್ಳೆಯ ಪ್ರಶ್ನೆ ಅದು. 2022ರಲ್ಲಿ ನಾವು ನಾಲ್ಕೇ ಜನ ಮೊದಲ ಸಲ ಹೋದಾಗ ಆ ಪ್ರಶ್ನೆ ಕೇಳಿಕೊಂಡೇ ಇರಲಿಲ್ಲ. ಟಿಕೆಟ್ ಆಯ್ತು, ಹೋಟೆಲ್ ಆಯ್ತು, ಇನ್ನೇನು ಊಟ ತಿಂಡಿ ತಾನೇ ಅಂದುಕೊಂಡು ಹೊರಟೆವು. ಒಳಗೆ ಎಲ್ಲದಕ್ಕೂ ಫೋನ್ ತಾಗಿಸಿದರೆ ಸಾಕು, ದುಡ್ಡು ಹೋಗುತ್ತೆ. ನೀರು, ಐಸ್‌ಕ್ರೀಮ್, ಬಿಸಿಲಿಗೆ ಟೋಪಿ, ಮಳೆ ಬಂತು ಅಂತ ಪ್ಲಾಸ್ಟಿಕ್ ಕೋಟು, ಮಗ ಅತ್ತ ಅಂತ ಬಲೂನು. ಒಂದೊಂದೂ ಚಿಕ್ಕದೇ. ವಾಪಸ್ ಬಂದು ಕ್ರೆಡಿಟ್ ಕಾರ್ಡ್ ಬಿಲ್ ನೋಡಿದರೆ ಮೂರು ದಿನದ ಈ ಚಿಲ್ಲರೆ ಖರ್ಚೇ 1,400 ಡಾಲರ್ ಆಗಿತ್ತು. ಅದರಲ್ಲಿ ಅರ್ಧ ಯಾವುದಕ್ಕೆ ಹೋಯಿತು ಅಂತ ಇಬ್ಬರಿಗೂ ನೆನಪಿಲ್ಲ. ಅದು ನನಗೆ ತುಂಬಾ ಬೇಜಾರಾಯಿತು. ಖರ್ಚಾಗಿದ್ದಕ್ಕಲ್ಲ, ಖರ್ಚು ಮಾಡಿದ ಖುಷಿಯೂ ನೆನಪಿನಲ್ಲಿ ಉಳಿಯಲಿಲ್ಲವಲ್ಲ ಅಂತ.

ಹಾಗಾಗಿ ಈ ಸಲ ಎರಡು ಲೆಕ್ಕ ಬೇರೆ ಬೇರೆ ಇಟ್ಟೆವು. ಮುಂಚೆಯೇ ಕಟ್ಟುವ ದುಡ್ಡು ಒಂದು, ಕೈಖರ್ಚು ಇನ್ನೊಂದು.

ಮುಂಚೆ ಕಟ್ಟುವುದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಡಿಸ್ನಿ ವರ್ಲ್ಡ್ ಅಂದರೆ ಒಂದು ಮನರಂಜನಾ ಪಾರ್ಕ್ ಅಲ್ಲ, ನಾಲ್ಕು. ಫ್ಲಾರಿಡಾದ ಆರ್ಲ್ಯಾಂಡೊ ಹತ್ತಿರ ಇದೆ. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಶುರುವಾಯಿತು. ಆಮೇಲೆ ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಬಂದವು. ಟಿಕೆಟ್ ಬೆಲೆ ದಿನದಿಂದ ದಿನಕ್ಕೆ ಬದಲಾಗುತ್ತೆ, ಒಂದು ದಿನಕ್ಕೆ ಒಬ್ಬರಿಗೆ 100 ಡಾಲರಿಗಿಂತ ಜಾಸ್ತಿಯೇ. ಮೂರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ. 3ರಿಂದ 9 ವರ್ಷದವರಿಗೆ ಸ್ವಲ್ಪವೇ ಸ್ವಲ್ಪ ಕಡಿಮೆ. ಹತ್ತು ತುಂಬಿದರೆ ದೊಡ್ಡವರ ಲೆಕ್ಕ, ನಮ್ಮ ಮಗಳಿಗೆ ಹನ್ನೊಂದು. "ಹಿರಿಯ ನಾಗರಿಕರಿಗೆ ಏನೂ ಕಡಿಮೆ ಮಾಡಲ್ವಾ?" ಅಂತ ಅಮ್ಮ ಕೇಳಿದಳು. ಇಲ್ಲ. ಎಪ್ಪತ್ತು ದಾಟಿದ ಅಪ್ಪನಿಗೂ ಪೂರ್ತಿ ಟಿಕೆಟ್ಟೇ. ಕ್ಯೂ ತಪ್ಪಿಸಲು ಲೈಟ್ನಿಂಗ್ ಲೇನ್ ಅಂತ ಬೇರೆ ದುಡ್ಡು ಕಟ್ಟಬಹುದು. ನಾವು ಕಟ್ಟಲಿಲ್ಲ. ಬೆಳಿಗ್ಗೆ ಗೇಟ್ ತೆಗೆಯುವ ಮೊದಲೇ ಹೋಗಿ ನಿಂತೆವು. ಇವನ್ನೆಲ್ಲ ನಾಲ್ಕು ತಿಂಗಳು ಮೊದಲೇ ಕಟ್ಟಿ ಆ ಪುಟ ಮುಚ್ಚಿದೆವು.

ನಿಜವಾದ ಕೆಲಸ ಕೈಖರ್ಚಿನದು. ಒಂದು ಭಾನುವಾರ ಸಂಜೆ ಊಟದ ಮೇಜಿನ ಮೇಲೆ ಮಗಳ ನೋಟ್‌ಬುಕ್ ಇಟ್ಟುಕೊಂಡು ಕೂತೆವು. ಮೂರು ದಿನ, ಆರು ಜನ. ಪಾರ್ಕಿಂಗ್ ಆಗ ದಿನಕ್ಕೆ 30 ಡಾಲರ್, ಮೂರು ದಿನಕ್ಕೆ 90. ಎರಡು ದಿನ ಮಧ್ಯಾಹ್ನ ಕೌಂಟರಿನಲ್ಲಿ ತೆಗೆದುಕೊಳ್ಳುವ ಊಟ, ತಲೆಗೆ 15ರಂತೆ ಹಿಡಿದು ತೆರಿಗೆ ಸೇರಿಸಿದರೆ ದಿನಕ್ಕೆ 96, ಎರಡು ದಿನಕ್ಕೆ 192. ಸಂಜೆ ಎಲ್ಲರಿಗೂ ಏನಾದರೂ ಒಂದು ತಿಂಡಿ, ದಿನಕ್ಕೆ 40ರಂತೆ 120. ಇನ್ನೊಂದು ದಿನ ಕೂತು ಉಣ್ಣುವ ದೊಡ್ಡ ಊಟ ಒಂದು, ಅದಕ್ಕೆ 187. ಮಕ್ಕಳಿಬ್ಬರಿಗೂ ಅಪ್ಪ ಅಮ್ಮನಿಗೂ ತಲಾ 50ರಂತೆ ಅವರದೇ ದುಡ್ಡು 200. ಎಲ್ಲ ಸೇರಿ 789. ಅದನ್ನು 900 ಮಾಡಿ, ಉಳಿದ 111 ಡಾಲರನ್ನು ಯಾರೂ ಮುಟ್ಟಬಾರದು, ಚಪ್ಪಲಿ ಕಿತ್ತುಹೋದರೆ, ಯಾರಿಗಾದರೂ ತಲೆನೋವು ಬಂದರೆ ಮಾತ್ರ ಅಂತ ತೆಗೆದಿಟ್ಟೆವು. ಆಗಿನ ಲೆಕ್ಕದಲ್ಲಿ ಡಾಲರಿಗೆ 85 ರೂಪಾಯಿ ಹಿಡಿದರೆ ಒಟ್ಟು ಎಪ್ಪತ್ತಾರೂವರೆ ಸಾವಿರ. ಅದನ್ನು ಕೇಳಿ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ 187 ಎಲ್ಲಿಂದ ಬಂತು ಅಂತ ಹೇಳಬೇಕು. ಊರಿನಿಂದ ಬರುವವರು ಎಡವುವುದು ಇಲ್ಲೇ. ನಮ್ಮಲ್ಲಿ ಎಂಆರ್‌ಪಿ ಅಂದರೆ ಎಲ್ಲ ಸೇರಿದ ಬೆಲೆ. ಇಲ್ಲಿ ಚೀಟಿ ಮೇಲಿರುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಆರ್ಲ್ಯಾಂಡೊ ಇರುವ ಆರೆಂಜ್ ಕೌಂಟಿ ಅನ್ನುವ ಜಿಲ್ಲೆಯಲ್ಲಿ ಅದು ಶೇ. 6.5. ಆಮೇಲೆ ಟಿಪ್ಸ್. ಕೂತು ಊಟ ಮಾಡುವ ಕಡೆ ಕೊಡಲೇಬೇಕು, ಅಲ್ಲಿ ಬಡಿಸುವವರ ಸಂಪಾದನೆಯಲ್ಲಿ ಅದು ದೊಡ್ಡ ಪಾಲು. ಡಿಸ್ನಿಯಲ್ಲಂತೂ ಆರು ಜನ ಅಥವಾ ಜಾಸ್ತಿ ಇದ್ದರೆ ಶೇ. 18 ಅವರೇ ಬಿಲ್ಲಿಗೆ ಸೇರಿಸುತ್ತಾರೆ. ನಾವು ಸರಿಯಾಗಿ ಆರು ಜನ. 150ರ ಊಟಕ್ಕೆ ತೆರಿಗೆ ಹತ್ತಿರ ಹತ್ತಿರ 10, ಟಿಪ್ಸ್ 27. ಮೆನು ನೋಡಿ ಮನಸ್ಸಿನಲ್ಲೇ ಕೂಡಿಸುವವರು ಕಾಲು ಭಾಗ ಜಾಸ್ತಿ ಹಿಡಿದುಕೊಳ್ಳಿ.

ಇನ್ನು ಆ ತಲಾ 50ರ ವಿಷಯ. ಮಕ್ಕಳಿಗೆ ಕೊಡುವುದು ಎಲ್ಲರೂ ಮಾಡುತ್ತಾರೆ. ಅಪ್ಪ ಅಮ್ಮನಿಗೂ ಕೊಡಬೇಕು ಅಂತ ನನಗೆ ಹೊಳೆದದ್ದು ಅಮ್ಮನನ್ನು ನೋಡಿ. ಬಂದ ದಿನದಿಂದ ಅವಳು ಪ್ರತಿಯೊಂದನ್ನೂ ರೂಪಾಯಿಗೆ ತಿರುಗಿಸುತ್ತಿದ್ದಳು. ಕಾಫಿಗೆ ನಾಲ್ಕು ಡಾಲರ್ ಅಂದರೆ "ಮುನ್ನೂರ ನಲವತ್ತು! ಬೇಡ, ಮನೇಲೇ ಕುಡಿಯೋಣ." ಹೊರಗೆ ಹೋದಾಗ ಹಸಿವಿದ್ದರೂ "ನನಗೇನೂ ಬೇಡ ಕಣೇ, ನೀವು ತಿನ್ನಿ" ಅನ್ನುವುದು. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ? ಮಗಳ ದುಡ್ಡು, ಅಳಿಯನ ದುಡ್ಡು ಅಂತ ಒಂದು ಸಂಕೋಚ. ಮೂರು ದಿನ ಜೂನ್ ಬಿಸಿಲಿನಲ್ಲಿ ಹೀಗೆ ಬೇಡ ಬೇಡ ಅನ್ನುತ್ತಾ ಹೋದರೆ ಏನು ಗತಿ ಅಂತ ನನಗೆ ನಿಜವಾಗಿ ಭಯವಾಯಿತು.

ಆಗ ದಸರಾ ವಸ್ತುಪ್ರದರ್ಶನ ನೆನಪಾಯಿತು. ಮೈಸೂರಿನವರಿಗೆ ಹೇಳಬೇಕಾಗಿಲ್ಲ, ದೊಡ್ಡಕೆರೆ ಮೈದಾನ, ಜೈಂಟ್ ವೀಲ್, ತಟ್ಟೆಗಿಂತ ದೊಡ್ಡ ಹಪ್ಪಳ. ನಾವು ಚಿಕ್ಕವರಿದ್ದಾಗ ಗೇಟಿನ ಹತ್ತಿರ ಅಪ್ಪ ನನಗೂ ನನ್ನ ತಮ್ಮನಿಗೂ ತಲಾ ಇಪ್ಪತ್ತು ರೂಪಾಯಿ ಕೊಡುತ್ತಿದ್ದರು. "ಇಷ್ಟೇ. ಏನು ಬೇಕೋ ತಗೊಳ್ಳಿ, ಕೇಳೋಕೆ ಬರಬೇಡಿ." ಆ ಇಪ್ಪತ್ತು ರೂಪಾಯಿ ಕೈಯಲ್ಲಿ ಹಿಡಿದು ಇಡೀ ಮೈದಾನ ಎರಡು ಸುತ್ತು ಬರುತ್ತಿದ್ದೆವು. ಏನೂ ಕೊಳ್ಳದೆ ಬರೀ ಯೋಚನೆ ಮಾಡುವುದರಲ್ಲೇ ಎಷ್ಟು ಸುಖ ಇತ್ತು. ಅಪ್ಪ ಮಾತ್ರ ತಮಗೆ ಅಂತ ಒಂದು ಹಪ್ಪಳವನ್ನೂ ಕೊಂಡವರಲ್ಲ. ನಮ್ಮ ಚೀಲ, ಸ್ವೆಟರ್ ಹಿಡಿದುಕೊಂಡು ಒಂದು ಕಡೆ ನಿಂತಿರುತ್ತಿದ್ದರು.

ಡಿಸ್ನಿಯವರದೇ ಗಿಫ್ಟ್ ಕಾರ್ಡ್ ಇಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತೆ. ಪಾರ್ಕಿನ ಒಳಗೆ ಊಟಕ್ಕೂ ನಡೆಯುತ್ತೆ, ಅಂಗಡಿಗಳಲ್ಲೂ ನಡೆಯುತ್ತೆ. ಅವಧಿ ಮುಗಿಯುವುದಿಲ್ಲ. ಐವತ್ತರ ನಾಲ್ಕು ಕಾರ್ಡ್ ತಂದು ಅದರ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದೆ. ಎರಡು ಕಾರ್ಡಿಗೆ ಮಕ್ಕಳ ಹೆಸರು, ಎರಡಕ್ಕೆ ಅಜ್ಜಿ, ತಾತ. ಮೊದಲ ದಿನ ಬೆಳಿಗ್ಗೆ ಬಾಡಿಗೆ ಮನೆಯಲ್ಲಿ ಉಪ್ಪಿಟ್ಟು ತಿನ್ನುವಾಗ ಹಂಚಿದೆ. ಅಮ್ಮ ವಾಪಸ್ ಕೊಡಲು ಬಂದಳು. "ಅಮ್ಮಾ, ಇದನ್ನ ಡಿಸ್ನಿ ಬಿಟ್ಟು ಬೇರೆ ಅಂಗಡೀಲಿ ತಗೊಳ್ಳಲ್ಲ. ದುಡ್ಡು ಆಗಲೇ ಕೊಟ್ಟಾಗಿದೆ. ನೀನು ಖರ್ಚು ಮಾಡದಿದ್ರೆ ಸುಮ್ನೆ ಹಾಗೇ ಉಳಿಯುತ್ತೆ" ಅಂದೆ. ಅವಳು ಕಾರ್ಡ್ ತಿರುಗಿಸಿ ನೋಡಿ ಪರ್ಸಿನ ಒಳಗಿನ ಜಿಪ್ಪಿಗೆ ಹಾಕಿಕೊಂಡಳು.

ಹೊರಡುವ ಮೊದಲು ಬ್ಯಾಗಿಗೆ ತುಂಬಿದ್ದನ್ನೂ ಹೇಳಿಬಿಡುತ್ತೇನೆ, ಅದರಿಂದ ಉಳಿದ ದುಡ್ಡು ಕಡಿಮೆಯಲ್ಲ. ಹೊರಗಿನ ತಿಂಡಿ ಒಳಗೆ ಒಯ್ಯಬಹುದು, ಗಾಜಿನ ಡಬ್ಬ ಮಾತ್ರ ಬೇಡ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಅಮ್ಮ ಚಪಾತಿಗೆ ಆಲೂಗಡ್ಡೆ ಪಲ್ಯ ಸುತ್ತಿಕೊಟ್ಟಳು. ಕೋಡುಬಳೆ, ಚಕ್ಕುಲಿ, ದ್ರಾಕ್ಷಿ ಬೇರೆ. ಖಾಲಿ ಬಾಟಲಿಗಳು ಆರು. ಒಳಗೆ ನೀರಿನ ಬಾಟಲಿ ನಾಲ್ಕು ಡಾಲರ್ ಹತ್ತಿರ ಇದೆ, ಆದರೆ ಕೂಲ್‌ಡ್ರಿಂಕ್ಸ್ ಮಾರುವ ಕೌಂಟರಿನಲ್ಲಿ ಕೇಳಿದರೆ ಒಂದು ಕಪ್ ಐಸ್ ನೀರು ಪುಕ್ಕಟೆ ಕೊಡುತ್ತಾರೆ. ಸಂಕೋಚ ಬೇಡ, ಎಲ್ಲರೂ ಕೇಳುತ್ತಾರೆ. ಫ್ಲಾರಿಡಾದಲ್ಲಿ ಬೇಸಿಗೆ ಮಧ್ಯಾಹ್ನ ಗುಡುಗು ಸಿಡಿಲಿನ ಮಳೆ ಗ್ಯಾರಂಟಿ ಅಂದುಕೊಳ್ಳಿ. ತೆಳು ಪ್ಲಾಸ್ಟಿಕ್ ಕೋಟು ಅಟ್ಲಾಂಟದಲ್ಲಿ ಡಾಲರ್ ಅಂಗಡಿ ಅನ್ನುವ ಅಗ್ಗದ ಅಂಗಡಿಯಲ್ಲಿ ಒಂದೂಕಾಲು ಡಾಲರಿಗೆ ಸಿಕ್ಕಿತು. ಒಳಗೆ ಅದಕ್ಕೆ ಹತ್ತು ಪಟ್ಟು. ಕತ್ತಲಲ್ಲಿ ಹೊಳೆಯುವ ಕಡ್ಡಿಗಳನ್ನೂ ಆ ಡಾಲರ್ ಅಂಗಡಿಯಲ್ಲೇ ಕೊಂಡಿದ್ದೆ. ಸಂಜೆ ಪಟಾಕಿ ಶುರುವಾಗುವ ಮೊದಲು ಮಿನುಗುವ ಆಟಿಕೆಗಳ ಗಾಡಿ ಮಕ್ಕಳ ಎದುರಿಗೇ ಬರುತ್ತೆ, ಆ ಹೊತ್ತಿಗೆ ಇವು ಕೈಯಲ್ಲಿದ್ದರೆ ಅರ್ಧ ಗಲಾಟೆ ಕಡಿಮೆ.

ಮಕ್ಕಳಿಗೆ ಒಂದೇ ಕಟ್ಟುಪಾಡು ಹಾಕಿದ್ದೆವು. ಮೊದಲ ದಿನ ಏನೂ ಕೊಳ್ಳುವ ಹಾಗಿಲ್ಲ, ಇಷ್ಟವಾದದ್ದರ ಫೋಟೊ ತೆಗೆದುಕೊಳ್ಳಿ. ಆಟ ಮುಗಿಸಿ ಹೊರಬರುವ ದಾರಿ ಎಷ್ಟೋ ಕಡೆ ನೇರ ಅಂಗಡಿಯ ಒಳಗೇ ಬರುತ್ತೆ, ಅಷ್ಟು ಹೊತ್ತಿಗೆ ಮಕ್ಕಳ ಎದೆ ಇನ್ನೂ ಹೊಡೆದುಕೊಳ್ಳುತ್ತಿರುತ್ತೆ, ಕಣ್ಣಿಗೆ ಬಿದ್ದದ್ದೆಲ್ಲ ಬೇಕು. ರಾತ್ರಿ ಮನೆಗೆ ಬಂದು ಫೋಟೊ ನೋಡಿದಾಗ ಮಗ ಹದಿನಾಲ್ಕರಲ್ಲಿ ಹನ್ನೊಂದನ್ನು ತಾನೇ ಅಳಿಸಿದ. ಮಗಳಿಗೆ ಮಿಕ್ಕಿ ಮೌಸ್ ಕಿವಿಯ ಹೇರ್‌ಬ್ಯಾಂಡ್ ಮೇಲೆ ಕಣ್ಣು, 35 ಡಾಲರ್. ಎರಡು ದಿನ ಯೋಚನೆ ಮಾಡಿದಳು. ತೆರಿಗೆ ಸೇರಿ 37 ಆಗುತ್ತೆ, 13 ಉಳಿಯುತ್ತೆ ಅಂತ ಅವಳೇ ಲೆಕ್ಕ ಹೇಳಿ ಮೂರನೇ ದಿನ ಕೊಂಡಳು. ಈಗಲೂ ಅದು ಅವಳ ಓದುವ ಮೇಜಿನ ಮೇಲಿದೆ. ಮಗನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ಒತ್ತುವ ಮಶೀನು. ಹಳೇ ಮಶೀನುಗಳಲ್ಲಿ ಎರಡು ಕ್ವಾರ್ಟರ್ (25 ಸೆಂಟಿನ ನಾಣ್ಯ), ಒಂದು ಪೆನ್ನಿ ಹಾಕಿ ಹಿಡಿ ತಿರುಗಿಸಿದರೆ ತಾಮ್ರದ ಬಣ್ಣದ ಆ ಪೆನ್ನಿ ಚಪ್ಪಟೆಯಾಗಿ ಚಿತ್ರ ಮೂಡಿ ಬರುತ್ತೆ. 51 ಸೆಂಟ್. ಅಷ್ಟು ಕಡಿಮೆಗೆ ಅಷ್ಟು ಖುಷಿ ಕೊಡುವ ವಸ್ತು ಆ ಜಾಗದಲ್ಲಿ ಇನ್ನೊಂದು ನಾನು ಕಾಣೆ.

ಪುಕ್ಕಟೆ ಸಿಗುವುದೂ ಇದೆ. ಮ್ಯಾಜಿಕ್ ಕಿಂಗ್‌ಡಮ್ ಒಳಗೆ ಹೋದ ತಕ್ಷಣ ಸಿಟಿ ಹಾಲ್ ಅಂತ ಇದೆ, ಅಲ್ಲಿ ಕೇಳಿದರೆ ಮೊದಲ ಸಲ ಬಂದವರಿಗೆ ಒಂದು ಬ್ಯಾಡ್ಜ್ ಕೊಡುತ್ತಾರೆ. ಅಪ್ಪ ಶರ್ಟಿಗೆ, ಅಮ್ಮ ಸೀರೆಯ ಸೆರಗಿಗೆ ಸಿಕ್ಕಿಸಿಕೊಂಡರು. ಅದನ್ನು ನೋಡಿ ದಿನವಿಡೀ ಅಲ್ಲಿನ ಕೆಲಸದವರು ನಿಲ್ಲಿಸಿ ಮಾತಾಡಿಸಿದರು. ಕಾರ್ ನಿಲ್ಲಿಸಿದ ಕಡೆಯಿಂದ ಪಾರ್ಕಿಗೆ ಕೆರೆ ದಾಟಿಸುವ ದೋಣಿಗೂ ದುಡ್ಡಿಲ್ಲ. ಅಮ್ಮ ಹೋಗುವಾಗ ಬರುವಾಗ ಎರಡು ಸಲವೂ ಮೇಲಿನ ಅಂತಸ್ತಿನಲ್ಲೇ ನಿಂತಳು.

ದೊಡ್ಡ ಊಟಕ್ಕೆ ಹೋದದ್ದು ಸನಾ ಅನ್ನುವ ಕಡೆ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಹೋಟೆಲಿನಲ್ಲಿದೆ, ಅಲ್ಲಿಗೆ ಪಾರ್ಕಿನ ಟಿಕೆಟ್ ಬೇಕಾಗಿಲ್ಲ. ನಾನ್, ಈರುಳ್ಳಿ ಕುಲ್ಚಾ, ಪನೀರ್ ಪರಾಠ ತಂದಿಟ್ಟು ಜೊತೆಗೆ ಒಂಬತ್ತು ಬಗೆ ಚಟ್ನಿ, ಉಪ್ಪಿನಕಾಯಿ, ರಾಯತ ಕೊಡುತ್ತಾರೆ. ಕಿಟಕಿಯಾಚೆ ಹುಲ್ಲುಗಾವಲು, ಅದರಲ್ಲಿ ಜಿರಾಫೆ, ಜೀಬ್ರಾ. ಎರಡು ದಿನದಿಂದ ಸಸ್ಯಾಹಾರ ಹುಡುಕಿ ಸುಸ್ತಾಗಿದ್ದ ಅಪ್ಪ ಹುಣಸೆ ಚಟ್ನಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಬೇರೆ ಕಡೆಯ ಮೆನುಗಳಲ್ಲಿ ಎಲೆಯ ಗುರುತು ನೋಡಿಕೊಳ್ಳಿ, ಅದಿದ್ದರೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ ಅಂತ ಅರ್ಥ. ಆ 187 ಡಾಲರ್ ಬಗ್ಗೆ ನನಗೆ ಒಂದು ಚೂರೂ ನೋವಿಲ್ಲ. ಒಂದು ಊಟಕ್ಕಾದರೂ ಹೀಗೆ ದುಡ್ಡು ಎತ್ತಿಡಿ, ಎಲ್ಲ ದಿನವೂ ಉಳಿಸುತ್ತಾ ಹೋದರೆ ಬಂದದ್ದು ಯಾಕೆ?

ಅಮ್ಮನ ಕಾರ್ಡ್ ಮೊದಲ ದಿನ ಹೊರಗೆ ಬರಲೇ ಇಲ್ಲ. ಎರಡನೇ ದಿನ ಮಳೆ ನಿಂತ ಮೇಲೆ, ಒಂದು ಸೂರಿನ ಕೆಳಗೆ ಕೂತಿದ್ದಾಗ, ಅವಳಾಗೇ ಎದ್ದು ಹೋಗಿ ಎರಡು ಕಾಫಿ ತಂದಳು. ಒಂದು ನನಗೆ, ಒಂದು ತನಗೆ. ರೂಪಾಯಿಯಲ್ಲಿ ಎಷ್ಟು ಅಂತ ಹೇಳಲಿಲ್ಲ. ಆಮೇಲೆ ಸರಸ್ವತಿಪುರಂನ ಅಕ್ಕಪಕ್ಕದವರಿಗೆ ಕೊಡಲು ಫ್ರಿಜ್ ಮ್ಯಾಗ್ನೆಟ್ ನೋಡುತ್ತಾ ಅರ್ಧ ಗಂಟೆ ನಿಂತಳು. ಎರಡು ಕೊಂಡಳು.

ಅಪ್ಪ ಏನು ಮಾಡುತ್ತಾರೆ ಅಂತ ನನಗೆ ಕುತೂಹಲ. ಮೂರೂ ದಿನ, ನಾವು ಆಟಗಳ ಕ್ಯೂನಲ್ಲಿದ್ದಾಗ, ಅವರು ನೆರಳಿನಲ್ಲಿ ನಮ್ಮ ಬ್ಯಾಗುಗಳನ್ನು ಕಾಯುತ್ತಾ ಕೂತಿರುತ್ತಿದ್ದರು. ಥೇಟ್ ವಸ್ತುಪ್ರದರ್ಶನದ ಹಾಗೇ. ಆದರೆ ಪ್ರತಿ ಸಲ ವಾಪಸ್ ಬಂದಾಗಲೂ ಅವರ ಕೈಯಲ್ಲಿ ಒಂದು ಮಿಕ್ಕಿ ಆಕಾರದ ಐಸ್‌ಕ್ರೀಮ್ ಕಡ್ಡಿ. ಚಾಕೊಲೇಟ್ ಕಿವಿ ಮುಗಿಸಿ ಮುಖದ ಹತ್ತಿರ ಬಂದಿರುತ್ತಿದ್ದರು. ಒಂದಕ್ಕೆ ಆರು ಡಾಲರಿಗಿಂತ ಜಾಸ್ತಿ, ಅಂದರೆ ಐನೂರು ರೂಪಾಯಿ ದಾಟುತ್ತೆ. "ಚೆನ್ನಾಗಿದೆಯಾ ಅಪ್ಪ?" ಅಂದರೆ "ಚೆನ್ನಾಗಿದೆ ಕಣಮ್ಮ, ನನ್ನ ಕಾರ್ಡಿಂದೇ ತಗೊಂಡೆ" ಅನ್ನುತ್ತಿದ್ದರು.

ಕೊನೇ ದಿನ ರಾತ್ರಿ ನೋಟ್‌ಬುಕ್ ತೆಗೆದು ಲೆಕ್ಕ ಮುಗಿಸಿದೆವು. ತುರ್ತಿಗೆ ಇಟ್ಟಿದ್ದ 111ರಲ್ಲಿ ಮಗನ ಕಾಲಿನ ಗುಳ್ಳೆಗೆ ಪಟ್ಟಿ ತಂದದ್ದು ಬಿಟ್ಟರೆ ಉಳಿದದ್ದೆಲ್ಲ ಹಾಗೇ ಇತ್ತು. ಅಪ್ಪನ ಕಾರ್ಡ್ ಖಾಲಿ. ಅಮ್ಮನದರಲ್ಲಿ 11 ಡಾಲರ್ ಚಿಲ್ಲರೆ ಉಳಿದಿತ್ತು. ನನಗೆ ಕೊಡುತ್ತಾಳೆ ಅಂದುಕೊಂಡೆ. ಅವಧಿ ಮುಗಿಯಲ್ಲ ತಾನೇ ಅಂತ ಇನ್ನೊಂದು ಸಲ ಕೇಳಿಕೊಂಡು, ಪಾಸ್‌ಪೋರ್ಟ್ ಇಡುವ ಚೀಲದಲ್ಲಿ ಇಟ್ಟುಕೊಂಡು ಮೈಸೂರಿಗೆ ಒಯ್ದಳು.